ಇಳಿಜಾರು ಬೀದಿಯ ನೀರು

ಮೇಲಿನ ಬೀದಿಯ ವಾಲ್ವ್ ತೆರೆಯಲು ಹನ್ನೊಂದು ಸುತ್ತು ಬೇಕು, ಇಳಿಜಾರು ಬೀದಿಯದಕ್ಕೆ ಹದಿನಾಲ್ಕು. ಹದಿನಾರು ವರ್ಷದಿಂದ ವಾರ್ಡಿನ ನೀರುಗಂಟಿಯಾಗಿದ್ದವನಿಗೆ ಅದನ್ನು ಎಣಿಸುವ ಅಗತ್ಯವೇ ಇರಲಿಲ್ಲ, ಕೈಗೇ ಗೊತ್ತಿತ್ತು. ಬೆಳಿಗ್ಗೆ ಆರಕ್ಕೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟನೆಂದರೆ ಒಂದೊಂದೇ ಬೀದಿಯಲ್ಲಿ ಬಿಂದಿಗೆ, ಬಕೆಟ್ಟುಗಳ ಸದ್ದು ಏಳುತ್ತಿತ್ತು. ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ನೀರಣ್ಣ.

ಆ ಸೋಮವಾರ ಕೀಲಿಯ ಜೊತೆಗೆ ಅವನ ಕಂಕುಳಲ್ಲಿ ಒಂದು ರಟ್ಟಿನ ಫೈಲೂ ಇತ್ತು. ಹಿಂದಿನ ಸಂಜೆ ವಾರ್ಡ್ ಮೆಂಬರ್ ಕಡೆಯವರು ಮನೆಗೇ ಬಂದು ಕೊಟ್ಟಿದ್ದರು. ‘ನಮ್ಮ ಸದಸ್ಯರು ನಿರಪರಾಧಿ. ಅವರ ಮೇಲೆ ಹೊರಿಸಿರುವುದು ಸುಳ್ಳು ಆರೋಪ. ಅಗೆದು ನೋಡಿದರೂ ಏನೂ ಸಿಕ್ಕಿಲ್ಲ’ ಎಂದು ಬರೆದ ಕಾಗದ. ಕೆಳಗೆ ಜನರ ಸಹಿ ಬೇಕಿತ್ತು.

“ನಾವು ಹೋದ್ರೆ ಅರ್ಧ ಜನ ಬಾಗಿಲೇ ತೆಗೆಯಲ್ಲ. ನಿನಗೆ ತೆಗೆಯದ ಬಾಗಿಲು ಯಾವುದಿದೆ ಹೇಳು” ಎಂದಿದ್ದರು.

ಆರೋಪ ಇಷ್ಟೇ. ಇಳಿಜಾರು ಬೀದಿಗೆ ಹೊಸ ಪೈಪು ಹಾಕಿಸಿದೆವೆಂದು ಬರೆದು, ಬೇರೆಲ್ಲೋ ಕಿತ್ತ ಹಳೇ ಪೈಪು ಹೂಳಿಸಿ, ಮಿಕ್ಕಿದ್ದನ್ನು ಮೆಂಬರೂ ಗುತ್ತಿಗೆದಾರನೂ ಹಂಚಿಕೊಂಡಿದ್ದಾರೆ ಎಂಬುದು. ತನಿಖೆಯವರು ಮೆಂಬರನ್ನು ಮೂರು ದಿನ ಒಳಗಿಟ್ಟುಕೊಂಡು ಜಾಮೀನಿನ ಮೇಲೆ ಕಳುಹಿಸಿದ್ದರು. ಗುತ್ತಿಗೆದಾರ ತೋರಿಸಿದ ಜಾಗದಲ್ಲಿ, ಬೀದಿಯ ತಲೆಯಲ್ಲಿ, ಎರಡು ಕಡೆ ಅಗೆದಾಗ ಸಿಕ್ಕಿದ್ದು ಹೊಸ ಪೈಪೇ.

ಮೇಲಿನ ಬೀದಿಯ ಕಿರಾಣಿ ಅಂಗಡಿಯವನು ಓದದೆಯೇ ಸಹಿ ಹಾಕಿದ. “ತಿಂದ್ರು ತಿಂದ್ರು ಅಂತಾರೆ. ತಿನ್ನದೋರು ಯಾರಪ್ಪಾ? ಇವರು ತಿಂದು ಕೈಯಾದ್ರೂ ತೊಳ್ಕೊಂಡ್ರು. ಹಿಂದಿನೋರು ತಟ್ಟೆ ಸಮೇತ ಎತ್ಕೊಂಡು ಹೋಗಿದ್ರು” ಎಂದು ತಾನೇ ನಕ್ಕ. ಪಕ್ಕದ ಮನೆಯ ನಿವೃತ್ತ ಹೆಡ್‌ಕ್ಲಾರ್ಕ್ ಕನ್ನಡಕ ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ‘ನಿರಪರಾಧಿ’ಯ ಕಾಗುಣಿತವನ್ನು ಪೆನ್ಸಿಲಿನಲ್ಲಿ ತಿದ್ದಿದರು.

“ಸಹಿ, ಸಾರ್?”

“ತಪ್ಪು ತಿದ್ದಿಕೊಟ್ಟಿದ್ದೀನಲ್ಲ, ಅಷ್ಟು ಸಾಕು” ಎಂದು ಬಾಗಿಲು ಹಾಕಿಕೊಂಡರು.

ಹೀಗೆ ಕೆಲವರು ಬೈದರು, ಕೆಲವರು ಉಸ್ಸೆಂದರು, ಹೆಚ್ಚಿನವರು ಸಹಿ ಹಾಕಿದರು. ಮೆಂಬರ್ ಒಬ್ಬರಿಗೆ ಪಿಂಚಣಿ ಮಾಡಿಸಿಕೊಟ್ಟಿದ್ದರು, ಇನ್ನೊಬ್ಬರ ಮಗಳಿಗೆ ಶಾಲೆಯಲ್ಲಿ ಸೀಟು. ಒಂಬತ್ತರ ಹೊತ್ತಿಗೆ ನಲವತ್ತು ಸಹಿಯಾಗಿತ್ತು. ನೀರಣ್ಣ ಯಾರ ಜೊತೆಗೂ ವಾದಕ್ಕಿಳಿಯಲಿಲ್ಲ. ಮೆಂಬರನ್ನು ಅವನು ಅಣ್ಣ ಎನ್ನುತ್ತಿದ್ದ, ಬಾಯಿಮಾತಿಗಲ್ಲ. ಹದಿನಾಲ್ಕು ವರ್ಷ ದಿನಗೂಲಿಯಲ್ಲಿದ್ದವನ ಕೆಲಸವನ್ನು ಕಾಯಂ ಮಾಡಿಸಿಕೊಟ್ಟವರು ಅವರೇ.

ಇಳಿಜಾರು ಬೀದಿಯ ಮೂರನೇ ಮನೆ ಟೈಲರಮ್ಮನದು. ಹೊಸ್ತಿಲ ಪಕ್ಕದಲ್ಲೇ ಹೊಲಿಗೆ ಯಂತ್ರ, ಮೇಲೆ ಶಾಲೆಯ ಯೂನಿಫಾರ್ಮುಗಳ ರಾಶಿ. ಒಳಗೆ ಸೊಸೆ ಗುಂಡಿ ಹಚ್ಚುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಆ ಬೀದಿಯ ಮನೆಮನೆಗೂ ಕಾಮಾಲೆ ಬಂದಾಗ ಆ ಹುಡುಗಿ ಏಳು ತಿಂಗಳ ಬಸುರಿ. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಈ ಮನೆ ದಾಟಿ ಹೋಗಿಬಿಡೋಣವೆಂದು ನೀರಣ್ಣ ಅಂದುಕೊಂಡಿದ್ದ. ಟೈಲರಮ್ಮನೇ ಕೂಗಿದಳು.

“ಏನೋ ನೀರಣ್ಣ, ಎಲ್ಲರ ಸಹಿ ತಗೊಂಡು ನನ್ನ ಬಿಟ್ಟು ಹೋಗ್ತೀಯಲ್ಲ? ನನಗೆ ಬರೆಯೋಕೆ ಬರಲ್ಲ ಅಂದ್ಕೊಂಡ್ಯಾ?”

“ಹಾಗಲ್ಲ ಅಕ್ಕಾ... ನಿಮಗೆ ಕೆಲಸ ಇರುತ್ತೆ...”

“ಕೊಡಿಲ್ಲಿ.” ಫೈಲನ್ನು ಯಂತ್ರದ ಹಲಗೆಯ ಮೇಲಿಟ್ಟುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು, ಅಕ್ಷರ ಅಕ್ಷರ ಕೂಡಿಸಿ ಹೆಸರು ಬರೆದಳು. “ಆವತ್ತು ಇವಳಿಗೆ ಎಚ್ಚರ ತಪ್ಪಿದಾಗ ಒಂದು ಆಟೋ ಸಿಗಲಿಲ್ಲ. ಮೆಂಬರಣ್ಣ ತಮ್ಮ ಕಾರಿನಲ್ಲೇ ಹಾಕ್ಕೊಂಡು ಹೋದ್ರು. ರಕ್ತಾನೂ ಅವರೇ ಕೊಟ್ರು. ಇವಳು ಇವತ್ತು ಗುಂಡಿ ಹಚ್ಚುತ್ತಾ ಕೂತಿದ್ದಾಳೆ ಅಂದ್ರೆ ಅವರಿಂದ. ಅಂಥೋರ ಮೇಲೆ ಬಾಯಿಗೆ ಬಂದಿದ್ದು ಬರೀತಾರಲ್ಲ, ಅವರ ಕೈ ಸೇದಿಹೋಗ! ಏನೇ, ನೀನೂ ಬಾ, ಒಂದು ಸಹಿ ಹಾಕು.”

ಸೊಸೆ ಎದ್ದು ಬಂದಳು. ನೀರಣ್ಣ ಫೈಲನ್ನು ಫಕ್ಕನೆ ಎಳೆದುಕೊಂಡ. “ಸಾಕು ಅಕ್ಕಾ, ಮನೆಗೊಂದು ಸಾಕು” ಎಂದವನೇ ಸೈಕಲ್ ತಳ್ಳಿಕೊಂಡು ನಡೆದುಬಿಟ್ಟ.

ಅವನು ಆ ಪೈಪುಗಳನ್ನು ನೋಡಿದ್ದ. ಎರಡು ವರ್ಷದ ಹಿಂದೆ ಹಾಕುವಾಗ ಪಕ್ಕದಲ್ಲೇ ನಿಂತಿದ್ದ. ಬೀದಿಯ ತಲೆಯಲ್ಲಿ ನಾಲ್ಕು ಮಾತ್ರ ಹೊಸವು. ಐದನೆಯದನ್ನು ಇಳಿಸಲು ಕೈ ಕೊಟ್ಟಾಗ ಅಂಗೈಗೆ ಕಪ್ಪು ಬಣ್ಣ ಮೆತ್ತಿಕೊಂಡಿತು. ಬಣ್ಣದ ಕೆಳಗೆ ತುಕ್ಕು, ತೂತುಗಳಿಗೆ ಬಟ್ಟೆ ತುರುಕಿ ಸಿಮೆಂಟು ಮೆತ್ತಿದ್ದರು. ಮೊಳ ದೂರದಲ್ಲಿ ಚರಂಡಿ. ವಾಲ್ವ್ ಮುಚ್ಚಿದಾಗ ಖಾಲಿಯಾಗುವ ಪೈಪು ಉಸಿರು ಎಳೆದುಕೊಳ್ಳುತ್ತದೆ, ತೂತಿದ್ದರೆ ಪಕ್ಕದ್ದನ್ನೆಲ್ಲ ಕುಡಿಯುತ್ತದೆ. ನೀರುಗಂಟಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂದೇ ಮೆಂಬರಿಗೆ ಹೇಳಿದ್ದ. “ಸುಮ್ನಿರೋ, ಮುಂದಿನ ವರ್ಷ ಬದಲಾಯಿಸಿದ್ರಾಯ್ತು” ಎಂದಿದ್ದರು. ಆಮೇಲೆ ಒಂದು ತಿಂಗಳಿಗೆ ಅವನ ಕೆಲಸ ಕಾಯಂ ಆಯಿತು. ಅದಕ್ಕೂ ಇದಕ್ಕೂ ನಂಟಿದೆಯೇ ಎಂದು ಅವನು ಕೇಳಲಿಲ್ಲ. ಕೇಳದೇ ಇರುವುದು ಸುಲಭವಾಗಿತ್ತು.

ಮಧ್ಯಾಹ್ನ ಊಟಕ್ಕೆ ಕೂತವನು ಕೈ ತೊಳೆದು ಎದ್ದುಬಿಟ್ಟ. ಹೆಂಡತಿ ವಿಷಯ ಕೇಳಿ ಗೋಡೆಗೊರಗಿ ಕೂತಳು.

“ನೀವು ಬಾಯಿ ಬಿಟ್ರೆ ಕೆಲಸ ಹೋಗುತ್ತಾ?”

“ಹೋಗಬಹುದು.”

“ಬಿಡದೇ ಇದ್ರೆ ಊಟ ಹೋಗುತ್ತೆ ಅನ್ಸುತ್ತೆ” ಎಂದು ಅವನ ತಟ್ಟೆ ನೋಡಿದಳು.

ಮೆಂಬರ್ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. ನೀರಣ್ಣ ಫೈಲನ್ನು ಮೇಜಿನ ಮೇಲಿಟ್ಟ.

“ಎಷ್ಟಾಯ್ತೋ?”

“ನಲವತ್ತೊಂದು. ಕೊನೇದು ಟೈಲರಕ್ಕಂದು. ಇನ್ನು ನನ್ನ ಕೈಲಾಗಲ್ಲ ಅಣ್ಣ.”

ಮೆಂಬರ್ ಕಿಟಕಿಯ ಕಡೆ ತಿರುಗಿದರು. “ಪಾಪ, ಒಳ್ಳೇ ಹೆಂಗಸು.”

“ಅವರ ಸೊಸೆಗೆ ಕಾಮಾಲೆ ಯಾಕೆ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ಬಾಗಿಲು ಹಾಕು” ಎಂದರು ಮೆಂಬರ್. ದನಿ ಏರಲಿಲ್ಲ. “ನಾನು ಬರೋ ಮೊದಲು ಆ ಬೀದಿಗೆ ನಲ್ಲಿ ಅನ್ನೋದೇ ಇರಲಿಲ್ಲ, ನೆನಪಿದೆಯಾ? ಮೇಲಿಂದ ಇಳಿದು ಬರೋ ಹೊತ್ತಿಗೇ ದುಡ್ಡು ಅರ್ಧ ಕರಗಿತ್ತು. ಚುನಾವಣೆಗೆ ಸುರಿದೋನು ನನ್ನ ಕತ್ತಿನ ಮೇಲೆ ಕೂತಿದ್ದ. ಹಳೇ ಪೈಪಾದ್ರೂ ಹಾಕಿಸಿದೆ, ಬೇರೆಯೋನಾಗಿದ್ರೆ ಅದೂ ಇಲ್ಲ. ಆ ಮಗು ವಿಷಯ... ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನಾನೂ ಅತ್ತಿದ್ದೀನಿ ಕಣೋ.”

“ಅತ್ತಿದ್ದು ನಿಜ. ನಾನೇ ನೋಡಿದೆ. ಮಾರನೇ ದಿನ ಪೈಪು ಬದಲಾಯಿಸಬಹುದಿತ್ತಲ್ಲ ಅಣ್ಣ?”

“ಅಗೆಸಿದ್ರೆ ಎಲ್ಲರಿಗೂ ಕಾಣ್ತಿತ್ತು” ಎಂದರು ಮೆಂಬರ್. ಆಮೇಲೆ, ಬೇರೆಯದೇ ದನಿಯಲ್ಲಿ, “ನಿನ್ನ ಕೆಲಸ ಕಾಯಂ ಮಾಡಿಸಿದ್ದು ಯಾರು ಅಂತ ಮರೀಬೇಡ.”

“ಮರೆತಿಲ್ಲ. ಅದಕ್ಕೇ ಎರಡು ವರ್ಷ ಬಾಯಿ ಬಿಡಲಿಲ್ಲ.”

ಅಲ್ಲಿಂದ ನೇರ ತನಿಖೆಯವರ ಕಚೇರಿಗೆ ಹೋಗುವುದೆಂದು ಹೊರಟವನು ಅರ್ಧ ದಾರಿಯಲ್ಲಿ ಸೈಕಲ್ ತಿರುಗಿಸಿದ. ಹೊರಗಿನವರಿಗಿಂತ ಮೊದಲು ಹೇಳಬೇಕಾದವರು ಬೇರೆ ಇದ್ದರು.

ಟೈಲರಮ್ಮ ಯಂತ್ರ ತುಳಿಯುತ್ತಲೇ ಕೇಳಿಸಿಕೊಂಡಳು. ಐದನೇ ಪೈಪಿನ ಮಾತು ಬಂದಾಗ ಕಾಲು ನಿಂತಿತು. ಸೊಸೆ ಒಳಬಾಗಿಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಸೂಜಿ ಹಾಗೇ ಇತ್ತು.

“ನಿನಗೆ ಯಾವತ್ತು ಗೊತ್ತಾಯ್ತು?” ಎಂದಳು ಟೈಲರಮ್ಮ.

“ಹಾಕಿದ ದಿನವೇ, ಅಕ್ಕಾ.”

“ದಿನಾ ಬೆಳಿಗ್ಗೆ ನಮ್ಮನೆ ಮುಂದೆ ನಿಂತು ಆ ನೀರನ್ನ ನೀನೇ ಬಿಡ್ತಿದ್ದೆ.”

“ಹೌದು.”

“ಬೇಗ ಹಿಡ್ಕೊಳ್ಳಿ ಅಕ್ಕಾ, ನಿಂತುಹೋಗುತ್ತೆ ಅಂತ ಕೂಗ್ತಿದ್ದೆ.”

ಬೈಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದು ಅವನು ಅಂದುಕೊಂಡಿದ್ದ. ಅವಳು ಏನೂ ಮಾಡಲಿಲ್ಲ. ಹೊಲಿಯುತ್ತಿದ್ದ ಅಂಗಿಯನ್ನು ಮಡಚಿಟ್ಟು, ಸೊಸೆಯನ್ನು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ನೀರಣ್ಣ ಸ್ವಲ್ಪ ಹೊತ್ತು ನಿಂತಿದ್ದು, ಕಚೇರಿಗೆ ಹೋಗಿ, ತಾನು ಕಂಡದ್ದನ್ನೆಲ್ಲ ಬರೆಸಿದ. ತಾನು ಸುಮ್ಮನಿದ್ದದ್ದನ್ನೂ ಬರೆಸಿದ.

ಬುಧವಾರ ಅವನು ತೋರಿಸಿದ ಜಾಗದಲ್ಲಿ ಅಗೆದರು. ಇಡೀ ವಾರ್ಡು ಸುತ್ತ ನಿಂತಿತ್ತು. ಮೊದಲ ಏಟಿಗೇ ಪೈಪಿನ ಮೇಲಿನ ಸಿಮೆಂಟು ಕಿತ್ತುಬಂತು, ಒಳಗಿನ ಬಟ್ಟೆಯ ಜೊತೆ ಚರಂಡಿಯ ಕಪ್ಪು ನೀರು ಜಿನುಗಿತು. ಹತ್ತಿರ ನಿಂತವರು ಮೂಗು ಮುಚ್ಚಿಕೊಂಡರು. “ಇದನ್ನಾ ನಾವು ಕುಡೀತಿದ್ದದ್ದು?” ಎಂದು ಯಾರೋ ಕೇಳಿದರು. ಮೆಂಬರ್ ಕಡೆಯವನೊಬ್ಬ, “ಅನ್ನ ಕೊಟ್ಟೋರ ಬೆನ್ನಿಗೇ ಚೂರಿ ಹಾಕಿದ” ಎಂದು ನೀರಣ್ಣನಿಗೆ ಕೇಳುವಂತೆಯೇ ಹೇಳಿದ. ಕಿರಾಣಿ ಅಂಗಡಿಯವನು ಗುಂಡಿಯೊಳಗೆ ಇಣುಕಿ ನೋಡಿ, ಯಾವ ಜೋಕೂ ಹೇಳದೆ ಅಂಗಡಿಗೆ ಮರಳಿದ. ಟೈಲರಮ್ಮನ ಮನೆಯ ಬಾಗಿಲು ಮುಚ್ಚಿತ್ತು.

ಮೆಂಬರ್ ಮೇಲಿನ ಕೇಸು ಗಟ್ಟಿಯಾಯಿತು. ಆದರೂ ಅವರು ಬೀದಿಯಲ್ಲಿ ನಡೆದರೆ ನಮಸ್ಕಾರ ಮಾಡುವವರು ಇದ್ದೇ ಇದ್ದರು. ಇಷ್ಟು ದಿನ ಮುಚ್ಚಿಟ್ಟದ್ದೇಕೆ ಎಂದು ಕೇಳಿ ನೀರಣ್ಣನಿಗೂ ನೋಟಿಸು ಬಂತು. ವಿಚಾರಣೆ ಮುಗಿಯುವವರೆಗೆ ವಾಲ್ವಿನ ಕೆಲಸ ಬೇರೊಬ್ಬನಿಗೆ ಹೋಯಿತು. ಇಳಿಜಾರು ಬೀದಿಯ ಲೈನು ಬಂದ್ ಆಗಿದ್ದರಿಂದ ಅವನನ್ನು ಅಲ್ಲಿಯ ಟ್ಯಾಂಕರಿಗೆ ಹಾಕಿದರು. ಹೊಸ ಪೈಪು ಬರುವವರೆಗೆ ದಿನಕ್ಕೆರಡು ಸಲ, ಮನೆಗೆ ನಾಲ್ಕು ಬಿಂದಿಗೆ, ಟ್ಯಾಂಕರಿನವನ ಪಾಲಿಗೆ ಒಂದು. ಸಾಲಿನಲ್ಲಿ ನಿಂತವರು ಮೊದಮೊದಲು ಅವನ ಮುಖಕ್ಕೇ ಗೊಣಗುತ್ತಿದ್ದರು. “ಕೆಟ್ಟ ನೀರಾದ್ರೂ ಮನೆ ಬಾಗಿಲಿಗೆ ಬರ್ತಿತ್ತು” ಎಂದವರೂ ಇದ್ದರು. ಅವನು ತಲೆ ತಗ್ಗಿಸಿ ರಬ್ಬರಿನ ಪೈಪು ಹಿಡಿಯುತ್ತಿದ್ದ.

ಟೈಲರಮ್ಮ ದಿನವೂ ಬರುತ್ತಿದ್ದಳು. ಬಿಂದಿಗೆ ಇಡುವಳು, ತುಂಬಿದ ಮೇಲೆ ಎತ್ತಿಕೊಳ್ಳುವಳು, ಅವನ ಕಡೆ ನೋಡದೆ ಹೋಗುವಳು. ಎಷ್ಟೋ ದಿನ ಹೀಗೇ ಆಯಿತು.

ಒಂದು ಶುಕ್ರವಾರ ನಾಲ್ಕನೇ ಬಿಂದಿಗೆ ತುಂಬಿದ ಮೇಲೂ ಅವಳು ಕದಲಲಿಲ್ಲ. ಸೆರಗಿನ ಹಿಂದಿನಿಂದ ಒಂದು ಸಣ್ಣ ಬಕೆಟ್ಟು ತೆಗೆದು ಟ್ಯಾಂಕರಿನ ಬಾಯಿಯ ಕೆಳಗಿಟ್ಟಳು.

“ಇದಕ್ಕೂ ಹಾಕು” ಎಂದಳು ಬಕೆಟ್ಟನ್ನೇ ನೋಡುತ್ತ. “ಸೊಸೆ ಇವತ್ತು ತಲೆಗೆ ಸ್ನಾನ ಮಾಡ್ತಾಳೆ.”

ನೀರಣ್ಣ ಪೈಪು ಹಿಡಿದ. ಹಿಂದಿನಿಂದ ಯಾರೋ “ನಾಲ್ಕೇ ಅಲ್ವಾ?” ಎಂದರು. “ನನ್ನ ಪಾಲಿಂದು ಹಾಕ್ತಿದ್ದೀನಿ” ಎಂದ ಅವನು. ಬಕೆಟ್ಟು ತುಂಬುವವರೆಗೂ ಅವಳು ಅಲ್ಲೇ ನಿಂತಿದ್ದಳು.