ಮಗುವಿಗೆ ನಿದ್ದೆ ಬರುವ ತನಕ

ಅಜ್ಜಿಯ ಕಾಲ ಬಳಿ ಕೂತು ಫೋನಿನಲ್ಲಿ ಏನೋ ಒತ್ತುತ್ತಿದ್ದ ಅನುಶ್ರೀಯ ಕೈಯಿಂದ ಅವಳಪ್ಪ ದೇವರಾಜ್ ಅದನ್ನು ಕಿತ್ತುಕೊಂಡ. ಕೊರವಂಗಲದ ಆ ಮನೆಯ ಪಡಸಾಲೆಯಲ್ಲಿ ಅವನ ತಾಯಿ ಪುಟ್ಟತಾಯಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹೊರಗೆ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದರು.

“ಅವ್ವನ್ನ ಇಲ್ಲಿ ಮಲಗ್ಸಿ, ಇದೇನಮ್ಮಿ ನಿಂದು?”

“ಕೊಡಪ್ಪ. ಮೇಲ್ಮನವಿಗೆ ಇವತ್ತೇ ಕಡೆ ದಿನ.”

ಅವ್ವನೇ ಹೋದ ಮೇಲೆ ಇನ್ಯಾರಿಗೆ ಮನವಿ, ಬಿಟ್ಟಾಕು ಎಂದು ಅವನು ಗೊಣಗಿದ. ಅನುಶ್ರೀ ಚಾಚಿದ ಕೈ ಹಿಂದೆಗೆಯಲಿಲ್ಲ.

“ಅಜ್ಜಿ ಓಯ್ತು. ಅಜ್ಜಿ ಮೇಲೆ ಬಂದಿರೋ ಮಾತು ಓಗಿಲ್ಲ ಕಣಪ್ಪ.”

*

ಊರಿನ ಅರ್ಧ ಜನ ಪುಟ್ಟತಾಯಮ್ಮನ ಕಾಲ ಮೇಲೆ ನೀರು ಹಾಕಿಸಿಕೊಂಡು ಬೆಳೆದವರೇ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು, ಎಣ್ಣೆ ತೀಡಿ, ಚೊಂಬಿನಿಂದ ಬೆನ್ನಿಗೆ ನೀರು ಹುಯ್ಯುತ್ತಿದ್ದಳು. ಎಂಥ ಕೂಸೂ ಕಿರುಚುತ್ತಿತ್ತು; ಸಾಂಬ್ರಾಣಿ ಹೊಗೆ ಕೊಡುವಷ್ಟರಲ್ಲಿ ನಿದ್ದೆ ಹೋಗುತ್ತಿತ್ತು. ಪಕ್ಕದ ಮನೆಯ ನಿಧಿಯ ಮಗುವಿಗೆ ನೀರು ಹಾಕುವುದನ್ನು, ನಿಧಿಯನ್ನು ಕೇಳಿಯೇ, ಅನುಶ್ರೀ ವಿಡಿಯೋ ಮಾಡಿ ಅಜ್ಜಿಯ ಹೆಸರಿನ ಚಾನೆಲ್ಲಿಗೆ ಹಾಕಿದಳು. ಉದ್ದವಾದರೆ ಯಾರೂ ನೋಡುವುದಿಲ್ಲವೆಂದು ಕೊನೆಯನ್ನು ಕತ್ತರಿಸಿದಳು.

“ನಿದ್ದೆ ಬರೋಗಂಟ ಇರ್ಲಿ ಕಣಮ್ಮಿ. ಅಳೋದ್ನೇ ತೋರ್ಸುದ್ರೆ ನನ್ನ ಏನಂದ್ಕತಾರೆ?” ಎಂದಿದ್ದಳು ಅಜ್ಜಿ.

ಅಂದುಕೊಂಡರು. ಎಲ್ಲಿಯದೋ ಪುಣ್ಯಾತ್ಮರು ದೂರು ಕೊಟ್ಟರು. ಆ ವಿಡಿಯೋ ತಾಣದ ಕಂಪನಿಯವರು ಇದು ಮಗುವಿಗೆ ಹಿಂಸೆ, ಕಾನೂನಿಗೆ ವಿರುದ್ಧ ಎಂದು ವಿಡಿಯೋ ತೆಗೆದು ಚಾನೆಲ್ ಮುಚ್ಚಿದರು. ದೂರು ಕೊಟ್ಟವರನ್ನು ಬೈಯುವಂತೆಯೂ ಇರಲಿಲ್ಲ. ಅವರು ಕಂಡಿದ್ದು ಕಿರುಚುವ ಮಗುವನ್ನಷ್ಟೇ. ಅನುಶ್ರೀ ಹಾಕಿದ ಮನವಿಯನ್ನು ಅದೇ ತುಂಡು ವಿಡಿಯೋ ನೋಡಿ ತಳ್ಳಿಹಾಕಿದರು.

ಸುದ್ದಿ ಹಾಸನ ಮುಟ್ಟಿತು. ಅಲ್ಲೊಂದು ಬಾಣಂತಿ ಮನೆಯವರು ಕೂಸಿಗೆ ನೀರು ಹಾಕಲು ಹೋದ ಪುಟ್ಟತಾಯಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದರು. ಬಸ್ಸಿಳಿದು ಬಂದವಳು ಅಳಲಿಲ್ಲ.

“ಇನ್ನೊಂದ್ಸಲ ಕಳ್ಸು. ಈ ಸಲ ಪೂರ್ತಿ ಕಳ್ಸು,” ಎಂದಳು.

ಆದರೆ ಎರಡನೇ ಸಲಕ್ಕೆ ಮಗುವಿನ ತಾಯಿಯ ಹೇಳಿಕೆಯೂ ಬೇಕಿತ್ತು. ಪೊಲೀಸು ಗಿಲೀಸು ಬಂದಾರೆಂದು ನಿಧಿಯ ಅತ್ತೆ ಬೆಟ್ಟಮ್ಮ ಬಿಲ್‌ಕುಲ್ ಒಪ್ಪಿರಲಿಲ್ಲ.

*

ದೇವರಾಜ್ ಮಗಳಿಗೆ ಫೋನ್ ಹಿಂದಕ್ಕೆ ಕೊಟ್ಟ.

ಅಷ್ಟರಲ್ಲಿ ನಿಧಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಸಾವಿನ ಮನೆಗೆ ಕೂಸು ತರುತ್ತಾರೇನು ಎಂದು ಬೆಟ್ಟಮ್ಮ ಹಿಂದೆಯೇ ಬೈದುಕೊಂಡು ಬಂದಳು. ಹೇಳಿಕೆ ಕೊಡುತ್ತೀಯಾ ಎಂದು ಅನುಶ್ರೀ ಎಲ್ಲರೆದುರೇ ನಿಧಿಯನ್ನು ಕೇಳಿದಳು. ನಿಧಿ ಅತ್ತೆಯತ್ತ ತಿರುಗಲಿಲ್ಲ. ಮಗುವನ್ನು ನೆಲಕ್ಕೆ ಬಿಟ್ಟು, ಫೋನಿನ ಮುಂದೆ ನಿಂತಳು.

“ಇವನು ನನ್ನ ಮಗ. ನಾನೇ ಎತ್ಕಂಡ್ಬಂದು ಈಯಮ್ಮನ ಕಾಲ ಮೇಲೆ ಮಲಗಿಸ್ತಿದ್ದೆ. ನಾಳೆ ಇದ್ದಿದ್ರೆ ನಾಳೇನೂ ಮಲಗಿಸ್ತಿದ್ದೆ.”

ಅನುಶ್ರೀ ಅದನ್ನು ಪೂರ್ತಿ ವಿಡಿಯೋದೊಂದಿಗೆ ಸೇರಿಸಿ ಕಳಿಸಿದಳು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಎಲ್ಲರೂ ಚಾಪೆಯತ್ತ ನೋಡುತ್ತಿದ್ದರು.

ಮಗು ಅಂಬೆಗಾಲಿಟ್ಟು ಚಾಪೆ ಹತ್ತಿತ್ತು. ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ಆ ಕಾಲುಗಳ ಮೇಲೆ, ದಿನವೂ ಮಲಗುತ್ತಿದ್ದ ಹಾಗೇ ಅಡ್ಡಡ್ಡ ಬೋರಲು ಮಲಗಿ, ನೀರಿಗೆ ಕಾಯುತ್ತಿತ್ತು.

ಎತ್ತಿಕೊಳ್ಳಲು ಬಗ್ಗಿದ ಬೆಟ್ಟಮ್ಮನನ್ನು ದೇವರಾಜ್ ತಡೆದ. “ಒಸಿ ಒತ್ತು ಇರ್ಲಿ ಬುಡಿ,” ಎಂದ.

ಚಟ್ಟ ಕಟ್ಟಿ ಮುಗಿಸಿದವರು ಹೊಸ್ತಿಲಾಚೆ ಬಂದು ನಿಂತರು. ಮಗುವಿನ ಕಣ್ಣು ಮುಚ್ಚುವ ತನಕ ಯಾರೂ ಒಳಗೆ ಕಾಲಿಡಲಿಲ್ಲ.