ಮಂಗಳವಾರದ ಉಪ್ಪುನೀರು

ಬಾಳೂರಿನಲ್ಲಿ ನನಗೆ ಮೀನು ಟೀಚರ್ ಎಂದು ಹೆಸರು. ಬೆನ್ನ ಹಿಂದೆ ಇನ್ನೂ ಏನೇನೋ ಹೆಸರಿದೆ, ಇರಲಿ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿಕೊಂಡಿದ್ದವಳು, ಪ್ರಿನ್ಸಿಪಾಲರ ಜೊತೆ ಜಗಳವಾಡಿ ಕೆಲಸ ಬಿಟ್ಟು, ಪಾಲಿಗೆ ಬಂದ ಹತ್ತು ಎಕರೆ ಕಾಫಿ ತೋಟಕ್ಕೆ ಬಂದು ಕೂತೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರಿಗೆ ನಮ್ಮ ಮನೆಯಲ್ಲಿ ಕಾಫಿ ಇಲ್ಲ.

ತೋಟದಲ್ಲಿ ಜನವಿಲ್ಲ ಎಂದಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಬಂದು "ಅಮ್ಮಾ, ಗೊಬ್ಬರ ಬಂತು" ಎನ್ನುತ್ತಾನೆ. ಮೇಸ್ತ್ರಿ ಬಂದು "ಅಮ್ಮಾ, ಆಳು ಬರ್ಲಿಲ್ಲ" ಎನ್ನುತ್ತಾನೆ. ಅಲ್ಲಿಗೆ ದಿನದ ಮಾತು ಮುಗಿಯಿತು. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ. ಕೆಲಸವಿಲ್ಲದೆ ಗುಡ್ಡ ಹತ್ತಿ ಯಾರೂ ಬರುವುದಿಲ್ಲ, ಬಂದರೆ ಅವರ ತಲೆ ಸರಿಯಿಲ್ಲವೆನ್ನುತ್ತಾರೆ. ನನಗೆ ಒಬ್ಬಳೇ ಇದ್ದು ಇದ್ದು ಜೀವ ಬೇಸತ್ತಿತ್ತು. ಮುಚ್ಚಿಟ್ಟು ಏನಾಗಬೇಕು?

ಹಾಗೆ ಬರಲು ಒಂದು ಕೆಲಸ ಹುಟ್ಟಿಸಿಕೊಂಡು ಬಂದವಳು ರೌಶನ್ ಬೀ. ಅವಳ ಗಂಡ ತಯ್ಯಬ್ ಪ್ರತಿ ಮಂಗಳವಾರ ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಕಳಸಕ್ಕೆ ಮೀನಿನ ಲಾರಿ ಒಯ್ಯುತ್ತಿದ್ದ. ಅವನು ಸ್ಟೇರಿಂಗ್, ಅವಳು ತಕ್ಕಡಿ. ಒಂದು ಸಲ ಅವಳ ಹತ್ತಿರ ಬಂಗುಡೆ ಕೊಳ್ಳುವಾಗ, "ಕಡಲಿನ ಪ್ರಾಣಿಗಳ ಬಗ್ಗೆ ಅಷ್ಟು ವರ್ಷ ಪಾಠ ಮಾಡಿದೆ, ಜೀವ ಇರೋ ಒಂದನ್ನೂ ಸಾಕಲಿಲ್ಲ ನೋಡು" ಎಂದಿದ್ದೆ. ಅವಳ ತಮ್ಮ ದ್ವೀಪಗಳಿಗೆ ಸರಕು ಒಯ್ಯುವ ಮಂಜಿ ಹಡಗಿನಲ್ಲಿ ಕೆಲಸಕ್ಕಿದ್ದ. ಮುಂದಿನ ತಿಂಗಳೇ ಕ್ಯಾನಿನೊಳಗೆ ಹವಳ ಅಂಟಿದ ಕಲ್ಲು, ಒಂದು ಕಡಲಹೂವು, ಕೆಂಪು ಬಿಳಿ ಪಟ್ಟೆಯ ಎರಡು ಮೀನು ಬಂದವು. ಕಡಲಹೂವೆಂದರೆ ಹೂವಲ್ಲ, ಅದೂ ಪ್ರಾಣಿ. ಅದರ ಎಸಳಿನಂಥ ಬೆರಳುಗಳ ನಡುವೆಯೇ ಆ ಮೀನುಗಳ ಸಂಸಾರ.

ಮೀನಿನ ಹೊಲಸಿನಿಂದ ಉಪ್ಪುನೀರು ಕೆಡುತ್ತದೆ. ಅದಕ್ಕೆ ಪ್ರತಿ ಮಂಗಳವಾರ ಎರಡು ಕ್ಯಾನ್ ಹೊಸ ಕಡಲನೀರು. ಅದರ ಬಾಡಿಗೆಗಾಗಿಯೇ ತಯ್ಯಬ್ ಲಾರಿಯನ್ನು ಟಾರು ರಸ್ತೆಯಿಂದ ನನ್ನ ಮಣ್ಣು ದಾರಿಗೆ ತಿರುಗಿಸುತ್ತಿದ್ದ. ಅವನು ಎಂಜಿನ್ ತಣಿಸುವಷ್ಟು ಹೊತ್ತು ಜಗಲಿಯಲ್ಲಿ ಗಾಜಿನ ತೊಟ್ಟಿಯ ಈಚೆ ನಾನು, ಆಚೆ ಬೆತ್ತದ ಕುರ್ಚಿಯಲ್ಲಿ ರೌಶನ್ ಬೀ.

"ಎಂತ ಅಮ್ಮಾ ನಿಮ್ಮ ನ್ಯಾಯ! ಒಂದು ಮೀನಿಗೆ ಹುಳಿ ಖಾರ, ಒಂದು ಮೀನಿಗೆ ಲಾರಿಯಲ್ಲಿ ನೀರು" ಎಂದು ನಗುತ್ತಿದ್ದಳು. ಮಕ್ಕಳಿಲ್ಲದವಳು. ಮನೆ ತುಂಬ ಓರಗಿತ್ತಿಯರು, ಒಬ್ಬಳೂ ಮುಖಕೊಟ್ಟು ಮಾತಾಡುವುದಿಲ್ಲವಂತೆ. ಆ ಒಂದು ಗಂಟೆಗಾಗಿ ನಾನು ಬುಧವಾರದಿಂದಲೇ ಕಾಯುತ್ತಿದ್ದೆ.

ಎಂಬತ್ತೈದರ ಮೇ ತಿಂಗಳಲ್ಲಿ ನೀರು ಬೇಗ ಬೇಗ ಮಬ್ಬಾಗತೊಡಗಿತು. ಕಡಲಹೂವು ಮುಷ್ಟಿಯ ಹಾಗೆ ಮುದುಡಿ ಕೂತಿತು. ಮೂಡಿಗೆರೆಯ ಮೆಕ್ಯಾನಿಕ್ ಜಿಯಾಉದ್ದೀನ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನನ್ನ ಪಲ್ಪರ್ ಯಂತ್ರ ರಿಪೇರಿ ಮಾಡುವವನು, ಬಿಡಿಭಾಗಕ್ಕೆಂದು ಬೊಂಬಾಯಿಗೆ ಹೊರಟಿದ್ದ. ಅವನಿಗೆ ಸ್ಕಿಮ್ಮರ್ ತರಲು ಹೇಳಿದೆ. ಬೆಲ್ಲದ ಪಾಕ ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದಲ್ಲ, ಅದನ್ನು ಸೌಟಿನಲ್ಲಿ ತೆಗೆಯುತ್ತೇವಲ್ಲ, ಈ ಯಂತ್ರದ ಕೆಲಸವೂ ಅದೇ. ಕೊಳವೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ, ಹೊಲಸು ಗುಳ್ಳೆಗೆ ಅಂಟಿ ಮೇಲಿನ ಬಟ್ಟಲಿಗೆ ಬೀಳುತ್ತದೆ.

ಪುಣ್ಯಾತ್ಮ ಎರಡು ತಂದ. ಬೇಡವಾದದ್ದನ್ನು ಬುಧವಾರ ಬೊಂಬಾಯಿಗೆ ಹೋಗುವ ಇನ್ನೊಬ್ಬನ ಕೈಲಿ ವಾಪಸ್ ಕಳಿಸಬಹುದಂತೆ.

"ನೋಡಿ ಟೀಚರ್, ಇದು ಸಣ್ಣದು. ಗಾಳಿ ಊದೋದು, ಮರದ ಬಿಲ್ಲೆಯಿಂದ ಗುಳ್ಳೆ ಬರೋದು. ಇದನ್ನ ಹಾಕಿದ್ರೂ ವಾರವಾರ ನೀರು ಬೇಕು. ಇದು ದೊಡ್ಡದು, ಇದಕ್ಕೆ ಪಂಪಿದೆ. ಇದಾದ್ರೆ ಮಳೆಗಾಲ ಮುಗಿಯೋವರೆಗೂ ಹೊಸ ನೀರೇ ಬೇಡ ಅಂದ ಅಂಗಡಿಯವ. ವಾರವಾರ ಲಾರಿಯಲ್ಲಿ ಬರೋ ಆ ಮೀನಮ್ಮನ ಕಾಟ ತಪ್ತು ನಿಮಗೆ!"

"ಕಾಟ ಅಂತ ನಿನಗೆ ಯಾರು ಹೇಳಿದ್ದು?" ಎಂದು ರೇಗಿದೆ.

ದೊಡ್ಡದೇ ಬೇಕೆಂದು ತೊಟ್ಟಿ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ನೀರು ಬೇಡವಾದರೆ ಲಾರಿ ಯಾಕೆ ಬರುತ್ತದೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ನನ್ನ ಪಾಡು.

"ಸಣ್ಣದೇ ಇರಲಿ. ದೊಡ್ಡದು ಸದ್ದು ಮಾಡುತ್ತೆ" ಎಂದೆ.

"ಪಲ್ಪರ್ ಪಕ್ಕದಲ್ಲೇ ನಿದ್ದೆ ಮಾಡೋರು ನೀವು. ಇದರ ಸದ್ದು ಕೇಳುತ್ತಾ?"

"ಕೇಳುತ್ತೆ ಮಾರಾಯ, ನನಗೆ ಕೇಳುತ್ತೆ. ತಲೆ ತಿನ್ನಬೇಡ, ಹೋಗು."

ಮಂಗಳವಾರದ ಹೊತ್ತಿಗೆ ಸಣ್ಣದರ ಬಟ್ಟಲಿನಲ್ಲಿ ಒಂದು ಚಮಚ ನೊರೆಯೂ ಬಿದ್ದಿರಲಿಲ್ಲ. ಕಡಲಹೂವು ಕಲ್ಲಿನ ಹಿಡಿತ ಸಡಿಲಿಸಿತ್ತು, ಮೀನುಗಳು ಅದರ ಸುತ್ತ ದಿಕ್ಕೆಟ್ಟು ತಿರುಗುತ್ತಿದ್ದವು. ಆದರೂ ಲಾರಿಯ ಸದ್ದು ಕೇಳಿದಾಗ ಓಡಿಹೋಗಿ ಕಾಫಿಗೆ ನೀರಿಟ್ಟೆ.

ರೌಶನ್ ಬೀ ಒಂದೇ ಕ್ಯಾನ್ ಹಿಡಿದು ಇಳಿದಳು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಕೆನ್ನೆ ತರಚಿತ್ತು.

"ಏನೇ ಇದು?"

"ಎಂತ ಇಲ್ಲ ಅಮ್ಮಾ. ಕಡಲು ಸ್ವಲ್ಪ ಜೋರುಂಟು. ಮಳೆ ಬರ್ತದಲ್ಲ."

"ಕಡಲು ಜೋರಿದ್ದರೆ ನಿನ್ನ ಕೆನ್ನೆಗೇನಾಯ್ತು?"

ಆಮೇಲೆ ಒಂದೊಂದೇ ಹೊರಬಂತು. ಬಂದರಿನ ನೀರಿನಲ್ಲಿ ಡೀಸೆಲ್ ಇರುತ್ತದೆ, ಅದು ನನ್ನ ಮೀನಿಗಾಗದು ಎಂದು ಇವಳು ಇಷ್ಟು ದಿನವೂ ಬೆಳಗಿನ ಜಾವ ದೂರದ ದಂಡೆಗೆ ನಡೆದು, ಸೊಂಟದ ಮಟ್ಟ ಇಳಿದು ಕ್ಯಾನ್ ತುಂಬಿಸುತ್ತಿದ್ದಳು. ಈ ಸಲ ಅಲೆ ಎಳೆದುಕೊಂಡು ಹೋಗಿತ್ತು. ಬಲೆಯವರು ನೋಡಿ ಜುಟ್ಟು ಹಿಡಿದು ಎಳೆದು ಹಾಕಿದ್ದರು.

"ಕ್ಯಾನ್ ಬಿಟ್ಟು ಈಚೆ ಬರಬಾರದಿತ್ತೇನೇ, ಕತ್ತೆ!" ಎಂದು ಕೂಗಿದೆ.

"ಒಂದು ಬಿಟ್ಟೆ. ಎರಡೂ ಬಿಟ್ರೆ ಲಾರಿ ಇಲ್ಲಿಗೆ ತಿರುಗ್ಲಿಕ್ಕೆ ಉಂಟಾ?" ಎಂದಳು, ಕಾಫಿ ಲೋಟ ನೋಡುತ್ತ.

ಅಯ್ಯೋ ಶಿವನೇ! ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅಷ್ಟು ಸಂತೋಷವೂ ಅಷ್ಟು ಭಯವೂ ನನಗೆ ಒಟ್ಟಿಗೆ ಎಂದೂ ಆಗಿರಲಿಲ್ಲ. ಮುಂದೆ ಜೂನ್, ಜುಲೈ. ತೊಟ್ಟಿಗೆ ಹೊಸ ನೀರು ಬೇಕಿರುವವರೆಗೆ, ತರಬೇಡವೆಂದರೂ ಇವಳು ಕಡಲಿಗಿಳಿಯುವವಳೇ.

"ಮುಂದಿನ ವಾರದಿಂದ ನೀರು ಬೇಡ. ಯಂತ್ರ ಬಂದಿದೆ" ಎಂದೆ.

ಅವಳು ತೊಟ್ಟಿಯೊಳಗೆ ಇಣುಕಿದಳು. "ಇದಾ?"

"ಇದಲ್ಲ, ಇದರಪ್ಪ. ಮೂಡಿಗೆರೆಯಲ್ಲಿದೆ."

"ಹಾಗಾದ್ರೆ ನಾನು?"

"ನೀನು ಸುಮ್ಮನೆ ಬಾ."

"ಐಸ್ ಕರಗ್ತದೆ ಅಮ್ಮಾ. ಸುಮ್ಮನೆ ಬರ್ಲಿಕ್ಕೆ ಇವರು ಬಿಡ್ತಾರಾ?"

"ಬಾಡಿಗೆ ನಾನು ಕೊಡ್ತೀನಿ."

"ಎಂತ, ಮಾತಿಗೆ ಬಾಡಿಗೆಯಾ?" ಎಂದಳು. ಅವಳ ಮುಖ ಸಣ್ಣದಾಯಿತು. ಆ ಮಾತು ನನ್ನ ಬಾಯಿಂದ ಯಾಕಾದರೂ ಬಂತೋ. ತಯ್ಯಬ್ ಹಾರ್ನ್ ಹೊಡೆದ. ಅವಳು ಎದ್ದು, ತೊಟ್ಟಿಯ ಗಾಜನ್ನು ಸೆರಗಿನಿಂದ ಒರೆಸಿ, ಅರ್ಧ ಕಾಫಿ ಅಲ್ಲೇ ಬಿಟ್ಟು ಹೋದಳು.

ನಾನು ಟಾರು ರಸ್ತೆಗೆ ನಡೆದು, ಸಿಕ್ಕಿದ ಜೀಪು ಹತ್ತಿ ಮೂಡಿಗೆರೆಗೆ ಹೋದೆ. ಜಿಯಾಉದ್ದೀನ್ ದೊಡ್ಡದನ್ನು ಗೋಣಿಯಲ್ಲಿ ಸುತ್ತಿ ಕಟ್ಟುತ್ತಿದ್ದ.

"ಸದ್ದು ಮಾಡುತ್ತೆ ಅಂದಿದ್ರಿ?"

"ಮಾಡಲಿ. ಮನೆಯಲ್ಲಿ ಏನಾದರೂ ಸದ್ದು ಬೇಕು" ಎಂದೆ. ಅವನು ಬಂದು ಜೋಡಿಸಿಕೊಟ್ಟ.

ಎರಡೇ ದಿನಕ್ಕೆ ಬಟ್ಟಲಿನಲ್ಲಿ ಡಿಕಾಕ್ಷನ್ನಿನಂಥ ಕಪ್ಪು ನೊರೆ ತುಂಬಿತು. ಕಡಲಹೂವು ಕಲ್ಲನ್ನು ಮತ್ತೆ ಹಿಡಿಯಿತು.

ಮಂಗಳವಾರ ಜಗಲಿಯಲ್ಲಿ ನನ್ನ ಜಾಗದಲ್ಲಿ ಕೂತಿದ್ದೆ. ಎರಡು ಲೋಟ ಕಾಫಿ ಮಾಡಿಬಿಟ್ಟಿದ್ದೆ, ಅಭ್ಯಾಸ. ಕೆಳಗೆ ತಿರುವಿನಲ್ಲಿ ಲಾರಿ ಹಾರ್ನ್ ಹೊಡೆಯಿತು. ಆ ತಿರುವಿನಲ್ಲಿ ಎಲ್ಲರೂ ಹೊಡೆಯುತ್ತಾರೆ. ತಿರುವು ದಾಟಿದ ಮೇಲೆ ಇನ್ನೊಂದು ಸಲ ಉದ್ದಕ್ಕೆ ಹೊಡೆಯಿತು. ಅದು ತಯ್ಯಬ್‌ನ ಕೈಯಲ್ಲ, ತಕ್ಕಡಿ ಹಿಡಿಯುವ ಕೈ ಎಂದು ನನಗೆ ಗೊತ್ತಾಯಿತು. ಸದ್ದು ಕಳಸದ ಕಡೆಗೆ ಸಣ್ಣದಾಗುತ್ತ ಹೋಯಿತು.

ಕಡಲಹೂವು ಎಲ್ಲ ಬೆರಳು ಬಿಚ್ಚಿ ಅರಳಿತ್ತು. ಮೀನುಗಳು ಅದರೊಳಗೆ ನುಗ್ಗಿ ಆಡುತ್ತಿದ್ದವು. ನೀರು ಎಷ್ಟು ತಿಳಿಯಾಗಿತ್ತೆಂದರೆ, ಆಚೆ ಕಡೆಯ ಖಾಲಿ ಕುರ್ಚಿಯ ಬೆತ್ತದ ಹೆಣಿಗೆ ಒಂದೊಂದೂ ಕಾಣುತ್ತಿತ್ತು. ಹಾಳಾದ ಯಂತ್ರ, ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.