ಫ್ಲಾಂಜರ್‌ಗೆ ಮೂರನೇ ಕೈ

ಗಿಟಾರಿನ ದನಿಯನ್ನು ನೆತ್ತಿ ಮೇಲೆ ವಿಮಾನ ಹಾದುಹೋದ ಹಾಗೆ ಸುಂಯ್ ಎಂದು ತೇಲಿಸುವ ಹಳೇ ಕಾಲದ, ಕಾಲಲ್ಲಿ ಒತ್ತುವ ಫ್ಲಾಂಜರ್ ಪೆಡಲ್ ಒಂದಿತ್ತು. ಹನಕೆರೆಯ ಗಗನ ಮೂರು ತಿಂಗಳು ಕೂತು ಅದರ ನಕಲನ್ನು ಬೆಸುಗೆ ಹಾಕಿ, ಸ್ಟೀಲ್ ಟಿಫನ್ ಡಬ್ಬಿಯೊಳಗೆ ಕೂರಿಸಿದ್ದ. ಬಾಕಿ ಇದ್ದದ್ದು ಒಂದೇ ಕೆಲಸ. ಒಬ್ಬರು ತಂತಿ ಮೀಟುತ್ತಿರಬೇಕು, ಇನ್ನೊಬ್ಬರು ಒಳಗಿನ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಆ ಸುಂಯ್ ಸಿಗುವ ಜಾಗ ಹಿಡಿಯಬೇಕು. ನಮ್ಮ ಹೀರೋಗೆ ಇದ್ದದ್ದು ಎರಡೇ ಕೈ.

ಯಲಿಯೂರಿನ ಗೆಳೆಯ ಸ್ವಾಮಿಗೆ ಫೋನು ಮಾಡಿದ.

"ಲೇ, ಅರ್ಧ ಗಂಟೆ ಬಂದೋಗ್ಲಾ. ಸುಮ್ನೆ ತಂತಿ ಮೀಟುದ್ರೆ ಸಾಕು."

"ಓದ್ಸಲ ಮೈಕ್ ಇಡ್ಕೊ ಅಂತ ಕರೆಂಟ್ ಒಡ್ಸಿದ್ಯಲ್ಲ, ಆ ಸೀನು ಇನ್ನೂ ಮರ್ತಿಲ್ಲ ಕಣ್ಲಾ. ಪಾರ್ಟ್ ಟೂಗೆ ಬ್ಯಾರೆ ಈರೋನ ನೋಡ್ಕೊ."

"ನಮ್ಮವ್ವನಾಣೆ, ತಮಾಸೆ ಅಲ್ಲ ಕಣ್ಲಾ."

"ಅವತ್ತೂ ಅವ್ವನ ಮ್ಯಾಲೇ ಆಣೆ ಇಟ್ಟಿದ್ದೆ," ಎಂದು ಸ್ವಾಮಿ ಫೋನಿಟ್ಟ.

ಗಗನನ ಕೈಲಿ ಬಕ್ರಾ ಆಗದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಕರೆದರೆ ಬರುವವರೂ ಉಳಿದಿರಲಿಲ್ಲ. ಕೊನೆಗೆ ತಾನು ಮೀಟಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಪೆಡಲಿಗೆ ಹರಿಸಿ, ತಿರುಪು ಹಿಡಿದು ಕೂತ. ಎಷ್ಟೋ ಹೊತ್ತಿಗೆ ದನಿ ನೆಲದಿಂದೆದ್ದು, ಸೂರು ಸವರಿಕೊಂಡು ಒಂದು ಸುತ್ತು ಹೊಡೆಯಿತು.

"ಬಂತು ಕಣ್ಲಾ!" ಎಂದು ಗಗನ ಪಕ್ಕಕ್ಕೆ ತಿರುಗಿದ. ಅಲ್ಲಿ ಮಡಚದ ಬಟ್ಟೆಯ ರಾಶಿ ಬಿದ್ದಿತ್ತು.

ಮತ್ತೆ ಸ್ವಾಮಿಗೆ ಫೋನು ಮಾಡಿ, ಮಾತಾಡದೆ ಸ್ಪೀಕರಿನ ಮುಂದಿಟ್ಟು, ಈ ಸಲ ತಾನೇ ತಂತಿ ಮೀಟಿದ.

"ಸಕತ್ತಾಗದೆ," ಎಂದ ಸ್ವಾಮಿ. "ಯಾವ ಯೂಟ್ಯೂಬ್ ಚಾನಲ್ದುಲಾ?"